ಘಟ್ಟದ ರಸ್ತೆಗೆ ಸಸ್ಪೆನ್ಷನ್, ಬಯಲಿನ ಟ್ರ್ಯಾಕಿಗೆ ಸೂಪರ್‌ಚಾರ್ಜರ್

ಚಿಕ್ಕಮಗಳೂರಿನಲ್ಲಿ ವಾಸವಾಗಿದ್ದು ಒಂದೇ ಸ್ಪೋರ್ಟ್ಸ್ ಕಾರನ್ನು ದಿನನಿತ್ಯದ ರಸ್ತೆಯಲ್ಲಿಯೂ ರೇಸ್ ಟ್ರ್ಯಾಕಿನಲ್ಲಿಯೂ ಓಡಿಸಲು ಬಯಸುವವರ ಲೆಕ್ಕಾಚಾರ ಚೆನ್ನೈ ಅಥವಾ ಕೊಯಮತ್ತೂರಿನವರ ಲೆಕ್ಕಾಚಾರಕ್ಕಿಂತ ಬೇರೆಯೇ ಆಗಿರುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ನಮಗೆ ಹತ್ತಿರದ ಟ್ರ್ಯಾಕ್ ಎಂದರೆ ಕೊಯಮತ್ತೂರು ಬಳಿಯ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ, ಅದು ಬಿಟ್ಟರೆ ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈಯಲ್ಲಿರುವ 3.7 ಕಿ.ಮೀ.ಗಳ ಟ್ರ್ಯಾಕ್. ಮೊದಲನೆಯದು ನಮಗಿಂತ ಆರೇಳು ನೂರು ಮೀಟರ್ ಕೆಳಗಿದೆ, ಎರಡನೆಯದು ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿಯೇ ಇದೆ. ಎರಡೂ ಕಡೆ ಡಾಂಬರು ಸಮತಟ್ಟು, ಬಿಸಿಲು ಕಠಿಣ. ಇಲ್ಲಿ ಗಾಳಿ ತಂಪು, ರಸ್ತೆ ಒರಟು. ಈ ಎರಡು ಜಗತ್ತುಗಳ ನಡುವೆ ಓಡಾಡುವ ಕಾರಿಗೆ ಸಸ್ಪೆನ್ಷನ್ (ಚಕ್ರಗಳನ್ನು ಕಾರಿನ ಮೈಗೆ ಜೋಡಿಸುವ ತೋಳು, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ವ್ಯವಸ್ಥೆ) ಮತ್ತು ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸೂಪರ್‌ಚಾರ್ಜರ್ ಆಯ್ಕೆ ಮಾಡಲು ಬಹಳ ಕಾಲ ಓದಿ, ಕೇಳಿ, ಲೆಕ್ಕ ಹಾಕಿದ ಮೇಲೆ ನಾನು ತಲುಪಿದ ತೀರ್ಮಾನ ಇಷ್ಟು: ಸಸ್ಪೆನ್ಷನ್ ಎಂಥದ್ದಿರಬೇಕು ಎಂಬುದನ್ನು ಮಲೆನಾಡಿನ ಅತ್ಯಂತ ಕೆಟ್ಟ ರಸ್ತೆ ನಿರ್ಧರಿಸಬೇಕು, ಸೂಪರ್‌ಚಾರ್ಜರ್ ಎಂಥದ್ದಿರಬೇಕು ಎಂಬುದನ್ನು ಬಯಲುಸೀಮೆಯ ಅತ್ಯಂತ ಬಿಸಿಯಾದ ಟ್ರ್ಯಾಕ್ ನಿರ್ಧರಿಸಬೇಕು. ಸಾಮಾನ್ಯವಾಗಿ ನಾವು ಇದಕ್ಕೆ ತದ್ವಿರುದ್ಧವಾಗಿ ಯೋಚಿಸುತ್ತೇವೆ. ಟ್ರ್ಯಾಕಿಗೆಂದು ಗಟ್ಟಿ ಸ್ಪ್ರಿಂಗ್ ಆರಿಸುತ್ತೇವೆ, ಊರಿನ ಏರುದಾರಿಯ ಉತ್ಸಾಹಕ್ಕೆಂದು ಸೂಪರ್‌ಚಾರ್ಜರ್ ಆರಿಸುತ್ತೇವೆ.

ನನ್ನ ಕಾರು ನಿಸಾನ್ 370ಝಡ್. 2010ರ ಹೊತ್ತಿಗೆ ನಿಸಾನ್ ಭಾರತದಲ್ಲಿ ಮಾರಾಟಕ್ಕಿಟ್ಟ ಈ ಕಾರು ನಮ್ಮ ರಸ್ತೆಗಳಲ್ಲಿ ಅಪರೂಪವಾಗಿಯೇ ಉಳಿಯಿತು. 3.7 ಲೀಟರಿನ ವಿ6 ಎಂಜಿನ್, ಟರ್ಬೊ ಇಲ್ಲದೆಯೇ ಸುಮಾರು 330 ಅಶ್ವಶಕ್ತಿ, 7,500 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗುವ ಸಾಮರ್ಥ್ಯ, ಹಿಂಚಕ್ರ ಚಾಲನೆ, ಒಂದೂವರೆ ಟನ್ ಆಸುಪಾಸಿನ ತೂಕ, ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮುಂದಿನ ಚಕ್ರಗಳ ಮೇಲೆ. ಮುಂದೆ ಪ್ರತಿ ಚಕ್ರವನ್ನು ಎರಡು ತೋಳುಗಳು ಹಿಡಿಯುವ ಡಬಲ್ ವಿಶ್‌ಬೋನ್, ಹಿಂದೆ ಹಲವು ತೋಳುಗಳ ಮಲ್ಟಿಲಿಂಕ್ ಸಸ್ಪೆನ್ಷನ್. ಕಾರ್ಖಾನೆಯಿಂದ ಬಂದಂತೆಯೇ ಇದು ಒಳ್ಳೆಯ ಕಾರು. ಆದ್ದರಿಂದ ಬದಲಾವಣೆ ಮಾಡುವವನು ಏನನ್ನು ಗಳಿಸುತ್ತೇನೆ ಎಂಬುದರ ಜೊತೆಗೆ ಏನನ್ನು ಕಳೆದುಕೊಳ್ಳುತ್ತೇನೆ ಎಂಬುದನ್ನೂ ಸ್ಪಷ್ಟವಾಗಿ ತಿಳಿದಿರಬೇಕು.

ಮೊದಲು ಸಸ್ಪೆನ್ಷನ್ ವಿಚಾರ. ಆಲ್ದೂರಿನಿಂದ ಬಾಳೆಹೊನ್ನೂರಿನ ಕಡೆಗೆ, ಅಥವಾ ಮೂಡಿಗೆರೆ ದಾಟಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಗೆ ಇಳಿಯುವಾಗ ಕಾರಿಗೆ ಎದುರಾಗುವುದು ವೇಗದ ತಿರುವುಗಳಲ್ಲ, ತಿರುವಿನ ನಡುವೆಯೇ ಇರುವ ಏರುತಗ್ಗುಗಳು. ಮಳೆಗಾಲ ಮುಗಿಯುವ ಹೊತ್ತಿಗೆ ಡಾಂಬರಿನ ಅಂಚು ಕೊಚ್ಚಿಹೋಗಿರುತ್ತದೆ, ತೇಪೆ ಹಾಕಿದ ಜಾಗ ಎದ್ದು ನಿಂತಿರುತ್ತದೆ, ಬೇಲೂರು ರಸ್ತೆಯ ಹಳ್ಳಿಗಳಲ್ಲಿ ಪತ್ರಿಕೆಗಳು ಅವೈಜ್ಞಾನಿಕ ಎಂದು ಬರೆಯುತ್ತಲೇ ಬಂದಿರುವ ಹಂಪ್ಸ್‌ಗಳು ಇದ್ದೇ ಇರುತ್ತವೆ. ಇಂಥ ರಸ್ತೆಯಲ್ಲಿ ಹಿಡಿತ ಎಂದರೆ ಟಯರು ನೆಲವನ್ನು ಬಿಡದಿರುವುದು, ಅಷ್ಟೆ. ಚಕ್ರ ತಗ್ಗಿಗೆ ಇಳಿಯಲು ಜಾಗವಿಲ್ಲದಷ್ಟು ಕಾರನ್ನು ತಗ್ಗಿಸಿದರೆ, ಇಲ್ಲವೇ ಸ್ಪ್ರಿಂಗ್ ಎಷ್ಟು ಗಡುಸೆಂದರೆ ಚಕ್ರ ಉಬ್ಬಿಗೆ ಬಡಿದು ಗಾಳಿಗೆ ಏಳುವಂತಾದರೆ, ಎಷ್ಟೇ ದುಬಾರಿಯ ಟಯರಿದ್ದರೂ ಪ್ರಯೋಜನವಿಲ್ಲ. ನಮ್ಮ ಜಿಲ್ಲೆಯವರಿಗೆ ಈ ಮಾತು ಹೊಸದೇನಲ್ಲ. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಇಲ್ಲಿಯ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ನಡೆದಾಗ ಬೇಲಿಯಾಚೆ ನಿಂತು ನೋಡಿದವರೆಲ್ಲರೂ ಗಮನಿಸಿರುತ್ತಾರೆ: ಆ ಕಾರುಗಳ ಚಕ್ರಗಳು ಮೇಲಕ್ಕೂ ಕೆಳಕ್ಕೂ ಬಹು ದೂರ ಚಲಿಸುತ್ತವೆ, ಆದರೆ ಕಾರಿನ ಮೈ ಮಾತ್ರ ಹೊಯ್ದಾಡುವುದಿಲ್ಲ. ಆ ಗುಣ ಸ್ಪ್ರಿಂಗಿನ ಗಡಸುತನದಿಂದ ಬರುವುದಲ್ಲ, ಚಲನೆಗೆ ಇರುವ ಜಾಗದಿಂದ ಮತ್ತು ಡ್ಯಾಂಪರಿನ (ಶಾಕ್ ಅಬ್ಸಾರ್ಬರಿನ) ನಿಯಂತ್ರಣದಿಂದ ಬರುವುದು.

ಸ್ಪ್ರಿಂಗ್ ಎಷ್ಟು ಗಡುಸಿರಬೇಕು ಎಂಬುದನ್ನು ಅಂದಾಜಿನ ಮೇಲೆ ಬಿಡುವ ಅಗತ್ಯವಿಲ್ಲ, ಅದಕ್ಕೆ ಒಂದು ನೇರವಾದ ಲೆಕ್ಕವಿದೆ. ಸ್ಪ್ರಿಂಗಿನ ಮೇಲೆ ಕುಳಿತಿರುವ ಕಾರಿನ ಮೈ ಸೆಕೆಂಡಿಗೆ ಎಷ್ಟು ಬಾರಿ ಆಂದೋಲನಗೊಳ್ಳುತ್ತದೆ ಎಂಬ ಸಂಖ್ಯೆಯನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. ಸಾಮಾನ್ಯ ಕಾರುಗಳಲ್ಲಿ ಇದು ಒಂದರಿಂದ ಒಂದೂವರೆಯಷ್ಟಿರುತ್ತದೆ, ರಸ್ತೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಒಂದೂವರೆಯಿಂದ ಎರಡರೊಳಗೆ, ಟ್ರ್ಯಾಕಿಗೇ ಮೀಸಲಾದ ಕಾರುಗಳಲ್ಲಿ ಎರಡಕ್ಕಿಂತ ಮೇಲೆ. ನನ್ನ ಕಾರಿನ ಒಂದು ಮುಂಚಕ್ರದ ಪಾಲಿಗೆ ಬರುವ ಸುಮಾರು 360 ಕಿಲೊ ಭಾರವನ್ನು 1.7 ಹರ್ಟ್ಸ್‌ನಲ್ಲಿ ಹಿಡಿದಿಡಬೇಕೆಂದರೆ ಚಕ್ರದ ಬಳಿ ಪ್ರತಿ ಮಿ.ಮೀ.ಗೆ ಸುಮಾರು 41 ನ್ಯೂಟನ್ ಗಡಸುತನ ಬೇಕು. ಅದನ್ನೇ 2.5 ಹರ್ಟ್ಸ್‌ಗೆ ಏರಿಸಿದರೆ 89 ನ್ಯೂಟನ್ ಬೇಕು, ಅಂದರೆ ಎರಡು ಪಟ್ಟಿಗಿಂತ ಹೆಚ್ಚು. ಮೊದಲನೆಯದರಲ್ಲಿ ಕಾರಿನ ಸ್ವಂತ ಭಾರಕ್ಕೆ ಚಕ್ರದ ಬಳಿ ಸ್ಪ್ರಿಂಗ್ 86 ಮಿ.ಮೀ. ಕುಗ್ಗುತ್ತದೆ, ಎರಡನೆಯದರಲ್ಲಿ ಕೇವಲ 40 ಮಿ.ಮೀ. ಈ ಕುಗ್ಗುವಿಕೆಯೇ ತಗ್ಗು ಬಂದಾಗ ಚಕ್ರವನ್ನು ಕೆಳಕ್ಕೆ ತಳ್ಳಲು ಉಳಿದಿರುವ ದಾಸ್ತಾನು. ಚಾರ್ಮಾಡಿಯ ರಸ್ತೆಯಲ್ಲಿ ಅಂಥ 46 ಮಿ.ಮೀ. ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಾರಾಟಗಾರರು ಹೇಳುವ ಸಂಖ್ಯೆ ಸ್ಪ್ರಿಂಗಿನದು, ಚಕ್ರದ್ದಲ್ಲ. ಸ್ಪ್ರಿಂಗ್ ತೋಳಿನ ಮಧ್ಯದಲ್ಲೆಲ್ಲೋ ಕೂತಿರುವುದರಿಂದ ಚಕ್ರ 10 ಮಿ.ಮೀ. ಏರಿದಾಗ ಅದು 7 ಮಿ.ಮೀ. ಮಾತ್ರ ಕುಗ್ಗಬಹುದು. ಆ 0.7ರ ವರ್ಗ 0.49, ಆದ್ದರಿಂದ ಸ್ಪ್ರಿಂಗಿನ ಗಡಸುತನದ ಅರ್ಧ ಮಾತ್ರ ಚಕ್ರಕ್ಕೆ ತಲುಪುತ್ತದೆ. ಮುಂದಿನ ಮತ್ತು ಹಿಂದಿನ ಅನುಪಾತಗಳು ಬೇರೆ ಬೇರೆಯಾಗಿರುವುದರಿಂದ, ಮುಂದೆ ಇಷ್ಟು ಹಿಂದೆ ಇಷ್ಟು ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಹೋಲಿಸಿ ನೋಡುವುದರಲ್ಲಿ ಅರ್ಥವಿಲ್ಲ. 370ಝಡ್‌ನಲ್ಲಿ ಇದು ಇನ್ನಷ್ಟು ಮುಖ್ಯ, ಏಕೆಂದರೆ ಅದರ ಹಿಂಭಾಗದಲ್ಲಿ ಸ್ಪ್ರಿಂಗ್ ಒಂದು ಕಡೆ, ಶಾಕ್ ಅಬ್ಸಾರ್ಬರ್ ಇನ್ನೊಂದು ಕಡೆ ಇವೆ. ಕೆಲವು ಕಿಟ್‌ಗಳು ಹಿಂದಿನ ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರಿನ ಮೇಲೆಯೇ ಕೂರಿಸಿ ಹಗುರಗೊಳಿಸುತ್ತವೆ. ಆದರೆ ಆ ಜಾಗದ ಬೋಲ್ಟುಗಳು ಮತ್ತು ತಗಡು ಕಾರಿನ ಹಿಂಭಾಗದ ಪೂರ್ತಿ ಭಾರ ಹೊರಲೆಂದು ರೂಪುಗೊಂಡವಲ್ಲ. ಸಮತಟ್ಟಾದ ಟ್ರ್ಯಾಕಿನಲ್ಲಿ ಅದು ನಡೆದೀತು. ಗುಂಡಿಗಳಿಗೆ ಇಳಿದು ಏಳುವ ಕಾರಿನಲ್ಲಿ ನಾನದನ್ನು ಒಪ್ಪುವುದಿಲ್ಲ. ಸ್ಪ್ರಿಂಗ್ ತನ್ನ ಮೂಲ ಜಾಗದಲ್ಲಿಯೇ ಉಳಿಯಬೇಕು.

ಡ್ಯಾಂಪರ್ ಆಯ್ಕೆಯೇ ನಿಜವಾದ ಆಯ್ಕೆ. ಹಣ ಖರ್ಚು ಮಾಡಬೇಕಾದದ್ದು ಇಲ್ಲಿ. ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಟ್ಟಾಗಿ ಬರುವ ಕಡಿಮೆ ಬೆಲೆಯ ಅನೇಕ ಕಾಯಿಲೋವರ್‌ಗಳಲ್ಲಿ ತಡೆ ಹೊಂದಿಸಲು ಒಂದೇ ನಾಬ್ ಇರುತ್ತದೆ. ಅದನ್ನು ತಿರುಗಿಸಿದರೆ ಚಕ್ರ ಮೇಲೇರುವಾಗಿನ ತಡೆ ಮತ್ತು ಕೆಳಗಿಳಿಯುವಾಗಿನ ತಡೆ ಎರಡೂ ಒಟ್ಟಿಗೆ ಹೆಚ್ಚುತ್ತವೆ. ಟ್ರ್ಯಾಕಿಗೆ ಬೇಕಾದದ್ದು ಸ್ಟಿಯರಿಂಗ್ ತಿರುಗಿಸಿದಾಗ, ಬ್ರೇಕ್ ಒತ್ತಿದಾಗ ಮೈ ನಿಧಾನವಾಗಿ ವಾಲುವುದನ್ನು ತಡೆಯುವ ಬಿಗಿ. ಅದು ಡ್ಯಾಂಪರಿನೊಳಗಿನ ಪಿಸ್ಟನ್ ಮೆಲ್ಲಗೆ ಚಲಿಸುವಾಗಿನ ತಡೆ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಅದೇ ಪಿಸ್ಟನ್ ರಭಸದಿಂದ ಚಲಿಸುತ್ತದೆ, ಆಗ ತಡೆ ಕಡಿಮೆಯಾಗಬೇಕು. ಈ ಎರಡನ್ನೂ ಬೇರೆ ಬೇರೆಯಾಗಿ ನಿಭಾಯಿಸಬಲ್ಲ ಡ್ಯಾಂಪರ್ ಮಾತ್ರ ನಮ್ಮ ಊರಿಗೂ ಟ್ರ್ಯಾಕಿಗೂ ಸಲ್ಲುತ್ತದೆ. ನಾನು ಕೊನೆಗೆ ಪಟ್ಟಿಯಲ್ಲಿ ಉಳಿಸಿಕೊಂಡದ್ದು ಎರಡನ್ನು. ಸ್ವೀಡನ್ನಿನ ಓಲಿನ್ಸ್ ಕಂಪನಿಯ ರೋಡ್ ಆ್ಯಂಡ್ ಟ್ರ್ಯಾಕ್ ಸರಣಿಯಲ್ಲಿ, ಪಿಸ್ಟನ್ ಎರಡೂ ದಿಕ್ಕಿನಲ್ಲಿ ಚಲಿಸುವಾಗ ಎಣ್ಣೆ ಸಮಾನವಾಗಿ ಸಾಗುವಂತೆ ಮಾಡುವ ಡ್ಯುಯಲ್ ಫ್ಲೋ ಕವಾಟವಿದೆ, ಇದರಿಂದ ಉಬ್ಬಿನ ಮೇಲೆ ಹಾರಿದ ಚಕ್ರ ಬೇಗ ನೆಲಕ್ಕೆ ಮರಳುತ್ತದೆ. ಜರ್ಮನಿಯ ಕೆಡಬ್ಲ್ಯೂ ವೇರಿಯಂಟ್ 3ರಲ್ಲಿ ಏರುವ ತಡೆಗೂ ಇಳಿಯುವ ತಡೆಗೂ ಪ್ರತ್ಯೇಕ ಹೊಂದಾಣಿಕೆಗಳಿವೆ, ಜೊತೆಗೆ ಅದರ ಹೊರಮೈ ಸ್ಟೇನ್‌ಲೆಸ್ ಸ್ಟೀಲಿನದು.

ಈ ಸ್ಟೇನ್‌ಲೆಸ್ ಸ್ಟೀಲ್ ಎಂಬ ಮಾತನ್ನು ಬೇರೆ ಊರಿನವರು ಓದಿ ಮುಂದೆ ಹೋಗಬಹುದು, ನಾವು ಹೋಗುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪುಮಣ್ಣಿನ ರಾಡಿ ಚಕ್ರದ ಒಳಭಾಗದಲ್ಲೆಲ್ಲ ಮೆತ್ತಿಕೊಂಡಿರುತ್ತದೆ. ಡ್ಯಾಂಪರಿನ ಮೈಮೇಲೆ ಎತ್ತರ ಹೊಂದಿಸಲು ಇರುವ ತಿರುಪಿನ ಮರೆಗಳಲ್ಲಿ ಮಣ್ಣು ಕೂತು, ಒಣಗಿ, ತುಕ್ಕು ಹಿಡಿದರೆ ಮುಂದಿನ ವರ್ಷ ಸ್ಪ್ರಿಂಗನ್ನು ಹಿಡಿದಿಡುವ ಕಾಲರು ತಿರುಗುವುದಿಲ್ಲ. ಹಾಸನದಲ್ಲಿ ನನ್ನ ಕಾರನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಒಮ್ಮೆ ಹೇಳಿದರು, “ಸಾರ್, ಈ ಶಾಕ್ಸ್ ಬಿಚ್ಚಿ ರಿಪೇರಿ ಮಾಡೋಕೆ ಬರುತ್ತಾ ಅಂತ ಮೊದಲು ಕೇಳಿ, ರೇಟು ಆಮೇಲೆ ಕೇಳಿ.” ಅವರ ಮಾತು ನನಗೆ ಎಲ್ಲ ಜಾಹೀರಾತುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಸೀಲು ಮತ್ತು ಎಣ್ಣೆ ಬದಲಿಸಿ ಮತ್ತೆ ಹೊಸದರಂತೆ ಮಾಡಬಲ್ಲ ಡ್ಯಾಂಪರ್ ಹತ್ತು ವರ್ಷ ಬಾಳುವ ವಸ್ತು, ಬಿಚ್ಚಲಾಗದ್ದು ಒಂದೆರಡು ಮಳೆಗಾಲದ ವಸ್ತು.

ಉಳಿದ ಭಾಗಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಆಂಟಿ-ರೋಲ್ ಬಾರ್ ಎಡ ಮತ್ತು ಬಲ ಚಕ್ರಗಳನ್ನು ಜೋಡಿಸುವ ಲೋಹದ ಸರಳು ಆದ್ದರಿಂದ, ಅದನ್ನು ಅತಿಯಾಗಿ ದಪ್ಪಗೊಳಿಸಿದರೆ ಒಂದು ಚಕ್ರದ ಗುಂಡಿ ಇನ್ನೊಂದು ಚಕ್ರಕ್ಕೂ ತಲುಪುತ್ತದೆ, ಹೊಂದಾಣಿಕೆಯಿರುವ ಸಾಧಾರಣ ಗಾತ್ರದ ಬಾರ್ ಸಾಕು. ತೋಳುಗಳ ಕೀಲುಗಳಲ್ಲಿರುವ ಬುಷ್‌ಗಳನ್ನು ಪಾಲಿಯುರೆಥೇನ್‌ಗೆ ಬದಲಿಸುವ ಬದಲು ಸವೆದ ರಬ್ಬರ್ ಬುಷ್‌ಗಳನ್ನು ಹೊಸ ರಬ್ಬರಿನಿಂದಲೇ ಬದಲಿಸುವುದು ರಸ್ತೆ ಕಾರಿಗೆ ಒಳ್ಳೆಯದು. ಎತ್ತರವನ್ನು 20 ಮಿ.ಮೀ.ಗಿಂತ ಹೆಚ್ಚು ಇಳಿಸಬಾರದು. ಇಳಿಸಿದಷ್ಟೂ ತೋಳುಗಳ ಕೋನ ಕೆಟ್ಟು ಕಾರು ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲಲು ಬಯಸುತ್ತದೆ, ಅದನ್ನು ತಡೆಯಲು ಮತ್ತೆ ಗಡುಸು ಸ್ಪ್ರಿಂಗ್ ಬೇಕಾಗುತ್ತದೆ.

ಈಗ ಸೂಪರ್‌ಚಾರ್ಜರ್. ಎಂಜಿನ್ನಿನ ಕ್ರ್ಯಾಂಕಿನಿಂದ ಬೆಲ್ಟಿನ ಮೂಲಕ ತಿರುಗುವ ಈ ಗಾಳಿಯಂತ್ರದಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ರೂಟ್ಸ್ ಮತ್ತು ಟ್ವಿನ್-ಸ್ಕ್ರೂ ಬಗೆಯವು ಪ್ರತಿ ಸುತ್ತಿಗೂ ನಿಗದಿತ ಪ್ರಮಾಣದ ಗಾಳಿಯನ್ನು ಒಳಗೆ ತಳ್ಳುತ್ತವೆ, ಆದ್ದರಿಂದ ಕಡಿಮೆ ಆರ್‌ಪಿಎಂನಲ್ಲಿಯೂ ಒತ್ತಡ ಸಿದ್ಧವಿರುತ್ತದೆ. ಸೆಂಟ್ರಿಫ್ಯೂಗಲ್ ಬಗೆಯದು ಟರ್ಬೊದ ಗಾಳಿಚಕ್ರವನ್ನೇ ಬೆಲ್ಟಿನಿಂದ ತಿರುಗಿಸಿದಂತೆ, ಅದರ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 370ಝಡ್‌ಗೆ ಸಿಗುವ ಪ್ರಮುಖ ಕಿಟ್‌ಗಳು ಈ ಎರಡನೆಯ ಬಗೆಯವು. 7,500 ಆರ್‌ಪಿಎಂನಲ್ಲಿ ಹೊರಗಿನ ಗಾಳಿಗಿಂತ ಅರ್ಧ ಬಾರ್ ಹೆಚ್ಚು ಒತ್ತಡ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಯ ಒತ್ತಡ) ಕೊಡುವ ಯಂತ್ರ 3,750ರಲ್ಲಿ ಕೊಡುವುದು ಅದರ ಕಾಲು ಭಾಗ ಮಾತ್ರ. ಮುಳ್ಳಯ್ಯನಗಿರಿಯ ದಾರಿಯಲ್ಲಿ ಎರಡನೇ ಗೇರಿನಲ್ಲಿ ಏರುವಾಗ ಎಂಜಿನ್ ಇರುವುದು ಆ ಕೆಳಗಿನ ಭಾಗದಲ್ಲಿಯೇ. ಹಾಗಾಗಿ ಊರಿನ ಘಟ್ಟಗಳಿಗೆಂದು ಈ ಸೂಪರ್‌ಚಾರ್ಜರ್ ಕೊಳ್ಳುವವರು ತಮಗೆ ಸಿಗದ ವಸ್ತುವಿಗೆ ಹಣ ಕೊಡುತ್ತಾರೆ. ಅದು ಕೆಲಸಕ್ಕೆ ಬರುವುದು ಎಂಜಿನ್ ಸದಾ ಮೇಲಿನ ಆರ್‌ಪಿಎಂನಲ್ಲಿರುವ ಟ್ರ್ಯಾಕಿನಲ್ಲಿ. ಆದರೆ ಈ ನಿಧಾನದ ಏರಿಕೆಯಲ್ಲಿ ಒಂದು ಗುಣವೂ ಇದೆ: ಒದ್ದೆ ತಿರುವಿನಿಂದ ಹೊರಬರುವಾಗ ಹಿಂಚಕ್ರಗಳಿಗೆ ಶಕ್ತಿ ಒಮ್ಮೆಲೇ ನುಗ್ಗುವುದಿಲ್ಲ.

ಎತ್ತರದ ವಿಚಾರವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಚಿಕ್ಕಮಗಳೂರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 12ರಷ್ಟು ಕಡಿಮೆ. 330 ಅಶ್ವಶಕ್ತಿಯ ಎಂಜಿನ್ ಇಲ್ಲಿ ಕೊಡುವುದು ಹೆಚ್ಚುಕಡಿಮೆ 290. ಸೂಪರ್‌ಚಾರ್ಜರ್ ಹೊರಗಿನ ಒತ್ತಡವನ್ನು ಒಂದು ಅನುಪಾತದಲ್ಲಿ ಹೆಚ್ಚಿಸುತ್ತದೆಯೇ ಹೊರತು ನಿಗದಿತ ಮೊತ್ತವನ್ನು ಸೇರಿಸುವುದಿಲ್ಲ. ಆದ್ದರಿಂದ ಅದೇ ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ), ಅದೇ ಬೆಲ್ಟ್, ಅದೇ ಆರ್‌ಪಿಎಂನಲ್ಲಿ ಇಲ್ಲಿ 1.32 ಬಾರ್ ಇರುವ ಒಟ್ಟು ಒತ್ತಡ ಚೆನ್ನೈನಲ್ಲಿ 1.5 ಬಾರ್ ಆಗುತ್ತದೆ. ಕಾರನ್ನು ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಟ್ಯೂನ್ ಮಾಡಿಸಲು (ಇಂಧನ ಮತ್ತು ಕಿಡಿಯ ಸಮಯ ಹೊಂದಿಸಲು) ನಾವು ಹೋಗುವುದು ಬೆಂಗಳೂರಿಗೆ, ಅದು 920 ಮೀಟರ್ ಎತ್ತರದ ಊರು. ಅಲ್ಲಿ ಎಲ್ಲವೂ ಸರಿಯಿದೆ ಎಂದು ತೋರಿಸಿದ ಎಂಜಿನ್ನಿಗೆ ಇರುಂಗಾಟ್ಟುಕೋಟೈಯಲ್ಲಿ ಸುಮಾರು ಶೇ. 12ರಷ್ಟು ಹೆಚ್ಚಿನ ಒತ್ತಡದ ಗಾಳಿ ಸಿಗುತ್ತದೆ, ಅದಕ್ಕೆ ತಕ್ಕ ಪೆಟ್ರೋಲನ್ನು ಇಂಜೆಕ್ಟರ್‌ಗಳು ಒದಗಿಸಲೇಬೇಕು. ಬೆಂಗಳೂರಿನಲ್ಲಿ ಇಂಜೆಕ್ಟರ್‌ಗಳು ತಮ್ಮ ಸಾಮರ್ಥ್ಯದ ಶೇ. 76ರಲ್ಲಿ ಕೆಲಸ ಮಾಡುತ್ತಿದ್ದರೆ ಚೆನ್ನೈನಲ್ಲಿ ಶೇ. 85 ಮುಟ್ಟುತ್ತವೆ, ಅದಕ್ಕಿಂತ ಮೇಲೆ ಹೋಗಬಾರದು. ಟ್ಯೂನ್ ಮಾಡುವವರಿಗೆ ಮೊದಲ ದಿನವೇ ಹೇಳಬೇಕಾದ ಮಾತು ಇದು.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಕೈಸುಡುವುದನ್ನು ನಾವೆಲ್ಲರೂ ಬಾಲ್ಯದಲ್ಲಿ ಕಂಡಿದ್ದೇವೆ. 35 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದರೆ, ಯಂತ್ರದ ದಕ್ಷತೆ ಶೇ. 70 ಎಂದಿಟ್ಟುಕೊಂಡರೂ, ಹೊರಬರುವ ಗಾಳಿ 90 ಡಿಗ್ರಿಯ ಹತ್ತಿರವಿರುತ್ತದೆ. 370ಝಡ್ ಎಂಜಿನ್ನಿನ ಸಂಕೋಚನ ಅನುಪಾತ (ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನವನ್ನು ಎಷ್ಟು ಪಟ್ಟು ಕುಗ್ಗಿಸಲಾಗುತ್ತದೆ ಎಂಬುದು) 11ಕ್ಕೆ 1, ಸೂಪರ್‌ಚಾರ್ಜರಿಗೆಂದು ರೂಪಿಸಿದ ಎಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಇಷ್ಟು ಬಿಸಿಯ ಗಾಳಿ ಇಷ್ಟು ಬಿಗಿಯಾದ ಸಿಲಿಂಡರಿಗೆ ಹೋದರೆ ಕಿಡಿ ಹೊತ್ತಿದ ಮೇಲೆ ಉಳಿದ ಇಂಧನ ತಾನಾಗಿಯೇ ಸಿಡಿಯುತ್ತದೆ. ಇದೇ ನಾಕಿಂಗ್. ಪಿಸ್ಟನ್ ಮುರಿಯಲು ಅದು ಬಹಳ ಹೊತ್ತು ಇರಬೇಕಾಗಿಲ್ಲ. ಆದ್ದರಿಂದ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದ ಕಿಟ್ ನನ್ನ ದೃಷ್ಟಿಯಲ್ಲಿ ಪರಿಗಣನೆಗೇ ಬರುವುದಿಲ್ಲ. ನೀರಿನಿಂದ ತಂಪಾಗುವ ಇಂಟರ್‌ಕೂಲರ್ ಒಂದೆರಡು ಸುತ್ತಿಗೆ ಅದ್ಭುತವಾಗಿ ಕೆಲಸ ಮಾಡುತ್ತದೆ, ಆದರೆ ಚಿಕ್ಕ ರೇಡಿಯೇಟರ್ ಇದ್ದರೆ ಆ ನೀರೇ ಕಾದು, ಹದಿನೈದು ನಿಮಿಷದ ಓಟದ ಕೊನೆಗೆ ಪ್ರಯೋಜನ ಕಡಿಮೆಯಾಗುತ್ತದೆ. ಮುಂದಿನ ಬಂಪರಿನೊಳಗೆ ಕೂರುವ, ನೇರ ಗಾಳಿಯಿಂದ ತಂಪಾಗುವ ಇಂಟರ್‌ಕೂಲರ್ ನಿಧಾನಕ್ಕೆ ಬಿಸಿಯಾಗುತ್ತದೆ, ಓಡುತ್ತಿರುವವರೆಗೂ ತಣಿಯುತ್ತಲೇ ಇರುತ್ತದೆ. ಟ್ರ್ಯಾಕಿಗೆ ನಾನು ಇದನ್ನೇ ಆರಿಸುತ್ತೇನೆ. ಅದು ಎಂಜಿನ್ನಿನ ರೇಡಿಯೇಟರಿಗೆ ಹೋಗುವ ಗಾಳಿಯನ್ನು ಸ್ವಲ್ಪ ತಡೆಯುತ್ತದೆ ಎಂಬುದು ನಿಜ. ಅದಕ್ಕೆಂದೇ ದೊಡ್ಡ ರೇಡಿಯೇಟರ್ ಸಹ ಲೆಕ್ಕದಲ್ಲಿ ಸೇರಬೇಕು. ಇನ್ನೊಂದು ಸ್ಥಳೀಯ ಎಚ್ಚರಿಕೆ: ಕೆಲವು ಕಿಟ್‌ಗಳಲ್ಲಿ ಏರ್ ಫಿಲ್ಟರ್ ಬಂಪರಿನ ತಳದಲ್ಲಿರುತ್ತದೆ. ಜುಲೈ ತಿಂಗಳಿನಲ್ಲಿ ರಸ್ತೆಗೆ ಅಡ್ಡಲಾಗಿ ಹರಿಯುವ ನೀರಿಗೆ ಅಂಥ ಕಾರನ್ನು ಇಳಿಸುವಂತಿಲ್ಲ.

ಪೆಟ್ರೋಲಿನ ವಿಷಯದಲ್ಲಿ ಪರಿಸ್ಥಿತಿ ಬದಲಾಗಿದೆ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ಆವಿಯಾಗುವಾಗ ಹೆಚ್ಚು ಶಾಖ ಹೀರಿಕೊಳ್ಳುವುದರಿಂದಲೂ ಅದರ ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಳತೆ) ಹೆಚ್ಚಿರುವುದರಿಂದಲೂ ನಾಕಿಂಗ್ ತಡೆಯಲು ಅನುಕೂಲವಿದೆ. ಆದರೆ ಅಷ್ಟೇ ಗಾಳಿಗೆ ಸುಮಾರು ಶೇ. 8ರಿಂದ 9ರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ, ಮೇಲೆ ಹೇಳಿದ ಇಂಜೆಕ್ಟರ್‌ಗಳ ಮೇಲೆ ಇದು ಇನ್ನೊಂದು ಹೊರೆ. 100 ಆಕ್ಟೇನ್ ಪೆಟ್ರೋಲು ಆಯ್ದ ನಗರಗಳ ಆಯ್ದ ಬಂಕ್‌ಗಳಲ್ಲಿ ಸಿಗುತ್ತದೆ. ಅದನ್ನೇ ನಂಬಿ ಟ್ಯೂನ್ ಮಾಡಿಸಿದರೆ ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲ ತಲುಪಿದಾಗ ಟ್ಯಾಂಕು ಖಾಲಿಯಿದ್ದರೆ ಏನು ಮಾಡುವುದು? ಯಾವ ಬಂಕಿನಲ್ಲಿಯೂ ಸಿಗುವ ಪೆಟ್ರೋಲಿಗೆ ಸುರಕ್ಷಿತವಾದ ಟ್ಯೂನಿಂಗ್ ಒಂದೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಸೂಪರ್‌ಚಾರ್ಜರಿಗೂ ಮೊದಲು ಮುಗಿಸಬೇಕಾದ ಕೆಲಸಗಳಿವೆ. 370ಝಡ್‌ನ ಆರಂಭದ ಮಾದರಿಗಳು ಟ್ರ್ಯಾಕಿನಲ್ಲಿ ಎಂಜಿನ್ ಆಯಿಲ್ ಅತಿಯಾಗಿ ಕಾದು, ಕಂಪ್ಯೂಟರ್ ತಾನಾಗಿಯೇ ಎಂಜಿನ್ನಿನ ವೇಗವನ್ನು ಕಡಿತಗೊಳಿಸುವುದಕ್ಕೆ ಹೆಸರಾಗಿದ್ದವು. ಮೂಲ ಶಕ್ತಿಯಲ್ಲಿಯೇ ಕಾಯುವ ಆಯಿಲ್ ಹೆಚ್ಚುವರಿ ನೂರು ಅಶ್ವಶಕ್ತಿಯಲ್ಲಿ ಏನಾಗುತ್ತದೆ ಎಂಬುದನ್ನು ಊಹಿಸಬಹುದು. ಹಾಗಾಗಿ ಥರ್ಮೋಸ್ಟಾಟ್ ಇರುವ ದೊಡ್ಡ ಆಯಿಲ್ ಕೂಲರ್ ಮೊದಲು ಬರಬೇಕು. ಥರ್ಮೋಸ್ಟಾಟ್ ಏಕೆಂದರೆ ಡಿಸೆಂಬರಿನ ಬೆಳಗ್ಗೆ ನಮ್ಮ ಊರಿನಲ್ಲಿ ಆಯಿಲ್ ಕಾಯುವುದಕ್ಕೇ ಸಮಯ ಬೇಕು. ಬ್ರೇಕ್ ಆಯಿಲ್ ಸಹ ಹಾಗೆಯೇ. ಡಾಟ್ 4 ಮಾನದಂಡದ ಹೊಸ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿಗೆ, ತೇವಾಂಶ ಹೀರಿಕೊಂಡ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ಮಂಜು ಮತ್ತು ಮಳೆಯಲ್ಲಿರುವ ಕಾರು ತೇವಾಂಶವನ್ನು ಬೇಗ ಹೀರಿಕೊಳ್ಳುತ್ತದೆ, ಆದ್ದರಿಂದ ಮಳೆಗಾಲ ಮುಗಿದ ಮೇಲಿನ ಮೊದಲ ಟ್ರ್ಯಾಕ್ ದಿನಕ್ಕೆ ಮುಂಚೆ ಅದನ್ನು ಬದಲಿಸಲೇಬೇಕು.

ಕಾನೂನಿನ ಮಾತನ್ನೂ ಆಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಸೂಪರ್‌ಚಾರ್ಜರ್ ಎಂಜಿನ್ನಿನ ಸ್ವರೂಪವನ್ನೇ ಬದಲಿಸುವ ವಸ್ತು. ಆರ್‌ಟಿಒ ಕಚೇರಿಯ ಲಿಖಿತ ಒಪ್ಪಿಗೆಯಿಲ್ಲದೆ, ವಿಮಾ ಕಂಪನಿಗೆ ತಿಳಿಸದೆ ಅದನ್ನು ಹಾಕಿಕೊಂಡು ಸಾರ್ವಜನಿಕ ರಸ್ತೆಗೆ ಇಳಿಯುವುದು ಸರಿಯಲ್ಲ, ಅಪಘಾತವಾದರೆ ಎದುರಿನವರಿಗೆ ಪರಿಹಾರ ಸಿಗುವುದೇ ಕಷ್ಟವಾಗಬಹುದು. ಸಸ್ಪೆನ್ಷನ್ನಿನ ವಿಷಯದಲ್ಲಿಯೂ ಬದಲಾವಣೆ ಮಾಡುವ ಮುಂಚೆ ಅದೇ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇವೆಲ್ಲವನ್ನೂ ತೂಗಿದ ಮೇಲೆ ನನ್ನ ಕ್ರಮ ಹೀಗಿದೆ. ಬ್ರೇಕ್ ಆಯಿಲ್, ಪ್ಯಾಡ್ ಮತ್ತು ಆಯಿಲ್ ಕೂಲರ್ ಮೊದಲು. ನಂತರ ಸ್ಟೇನ್‌ಲೆಸ್ ಮೈಯ ಡ್ಯಾಂಪರ್‌ಗಳು. ಹಿಂದಿನ ಸ್ಪ್ರಿಂಗ್ ಮೂಲ ಜಾಗದಲ್ಲಿಯೇ ಇರುತ್ತದೆ, ಮುಂದಿನ ಚಕ್ರಗಳಿಗೆ 1.7 ಹರ್ಟ್ಸ್, ಹಿಂದಿನವಕ್ಕೆ ಅದಕ್ಕಿಂತ ತುಸು ಹೆಚ್ಚು. ಸೂಪರ್‌ಚಾರ್ಜರಿನ ಬಗ್ಗೆ ಆಸೆ ಬಿಟ್ಟಿಲ್ಲ, ಆದರೆ ಕಾಗದಪತ್ರ ಕೈಸೇರುವವರೆಗೆ ಅದನ್ನು ಕೊಳ್ಳುವುದಿಲ್ಲ. ಕೊಂಡರೆ ಒತ್ತಡ ಕಡಿಮೆ ಇಡುವ ದೊಡ್ಡ ಪುಲ್ಲಿಯೊಂದಿಗೆ ಕೊಳ್ಳುತ್ತೇನೆ, ಸಮುದ್ರಮಟ್ಟದಲ್ಲಿ ಅರ್ಧ ಬಾರ್ ದಾಟದಂತೆ. ಬೆಂಗಳೂರಿನಲ್ಲಿ ಟ್ಯೂನ್ ಆದ ಮೇಲೆ ಇರುಂಗಾಟ್ಟುಕೋಟೈಯ ಮೊದಲ ಓಟಗಳಲ್ಲಿ ಪೂರ್ತಿ ಆರ್‌ಪಿಎಂ ಬಳಸದೆ ಗಾಳಿ-ಇಂಧನ ಅನುಪಾತ, ಒಳಹೋಗುವ ಗಾಳಿಯ ಉಷ್ಣತೆ ಮತ್ತು ನಾಕಿಂಗ್‌ಗಳ ದಾಖಲೆ ತೆಗೆದು, ಟ್ಯೂನರ್‌ಗೆ ಕಳುಹಿಸಿ, ಅವರು ಒಪ್ಪಿದ ನಂತರವೇ ಮುಂದುವರಿಯುತ್ತೇನೆ. ಆಗ ಮುಂದಿನ ಆಕ್ಸಲ್ ಮೇಲೆ ಕಿಟ್‌ನ ತೂಕವೂ ಸೇರುವುದರಿಂದ ಮುಂದಿನ ಸ್ಪ್ರಿಂಗಿನ ಲೆಕ್ಕವನ್ನು ಹೊಸ ತೂಕದೊಂದಿಗೆ ಇನ್ನೊಮ್ಮೆ ಹಾಕಬೇಕಾಗುತ್ತದೆ. ಅದಕ್ಕಾಗಿ ಸ್ಪ್ರಿಂಗ್ ಮಾತ್ರ ಬೇರೆಯಾಗಿ ಕೊಳ್ಳಲು ಸಿಗುವ ಡ್ಯಾಂಪರನ್ನೇ ಈಗ ಆರಿಸಿಕೊಳ್ಳುತ್ತಿದ್ದೇನೆ.